ರಾಣಿ ಕೊಟ್ಟ ಬಟ್ಟಲು

"ಬಟ್ಟಲಿನ ಕಾಲು ಅಲ್ಲಾಡ್ತಿದೆ, ಬಂದು ನೋಡಿ ಆಚಾರ್ರೇ"
ಎಂದು ಉಪದೇಶಿ ಚೌರಪ್ಪ ಆಲೂರು ಪೇಟೆಯ ನನ್ನ ಅಂಗಡಿಗೆ
ಮೊಪೆಡ್ಡಿನಲ್ಲಿ ಬಂದ.
ಅಂಥದ್ದನ್ನು ಹೊರಗೆ ತರುವಂತಿಲ್ಲ,
ಕುಲುಮೆಯೇ ಅಲ್ಲಿಗೆ ಹೋಗಬೇಕು.

ಊದುಗೊಳವೆ, ಬೆಳಿಗಾರ, ಒರೆಗಲ್ಲು
ಚೀಲಕ್ಕೆ ಹಾಕಿಕೊಂಡು ಹಿಂದೆ ಕೂತೆ.

ದಾರಿಯುದ್ದಕ್ಕೂ ಗಾಳಿಗೆ ಹರಿದು ಹರಿದು ಬಂತು ಕತೆ:
ಸಮುದ್ರದಾಚೆಯ ರಾಣಿ, ಮಗು ಬದುಕಿದ್ದಕ್ಕೆ ಹರಕೆ,
ಮೂರು ಬಟ್ಟಲು ಮಾಡಿಸಿದಳಂತೆ.
ಒಂದು ಜೆರುಸಲೇಮಿಗೆ, ಒಂದು ರೋಮಿಗೆ,
ಇನ್ನೊಂದು, ಹಡಗು ದಾರಿ ತಪ್ಪಿ, ನಮಗೆ.
"ಯಾವ ದೇಶದ ರಾಣಿ?"
"ಪೋರ್ಚುಗಲ್ಲೋ ಫ್ರಾನ್ಸೋ, ನಮ್ಮಜ್ಜಿಗೆ ಗೊತ್ತಿತ್ತು."

ಬಲಿಪೀಠದ ಹಿಂದಿನ ಕೋಣೆ. ಮೇಣದ ವಾಸನೆ.
ಮುಟ್ಟಬಹುದೋ ಎಂದು ಕೇಳಿದೆ.
ಸ್ವಾಮಿಗಳು ನಕ್ಕರು: "ಮುಟ್ಟದೆ ಹೇಗೆ ಬೆಸೀತೀರಿ?"
ಆದರೂ ಪಂಚೆಗೆ ಕೈ ಒರೆಸಿಕೊಂಡೆ, ಎರಡು ಸಲ.

ಒರೆಗೆ ಹಚ್ಚಿದೆ. ಬೆಳ್ಳಿ. ಮೇಲೆ ಚಿನ್ನದ ಮುಲಾಮು,
ತುಟಿ ತಾಗುವ ಕಡೆ ಅದೂ ಸವೆದಿದೆ.
ಕಾಲಿನ ತಿರುಪು ಬಿಚ್ಚಿದರೆ
ಒಳಗೆ ತೂತು, ತೂತಿಗೊಂದು ತೇಪೆ,
ಕಿಟಕಿಯ ಬೆಳಕಿಗೆ ವಾಲಿಸಿದರೆ
ತೇಪೆಯೊಳಗೆ
ರಾಣಿ.

ಮೂಗು ಸವೆದ, ಕಿರೀಟಕ್ಕೆ ಕರಿ ಹತ್ತಿದ
ರಾಣಿ ಛಾಪಿನ ಬೆಳ್ಳಿ ರೂಪಾಯಿ.
ಅಂಚಿಗೆ ಮೂರು ಚುಕ್ಕಿ ಬೆಸುಗೆ.
ಆ ಮೂರು ಚುಕ್ಕಿ ನನಗೆ ಗೊತ್ತು.
ತಾತ ವೀರಭದ್ರಾಚಾರಿ ಹಾಕಿದ ಬೆಸುಗೆಗೆಲ್ಲ
ಹೆಸರಿನ ಬದಲು ಅದೇ.

ನಮ್ಮನೆ ಲಕ್ಷ್ಮೀಪೂಜೆಯ ತಟ್ಟೆಯಲ್ಲಿ
ರಾಣಿ ರೂಪಾಯಿ ಹನ್ನೊಂದು.
ಹನ್ನೆರಡಿದ್ದವು, ಅಜ್ಜಿಯ ಮದುವೆಗೆ ತವರು ಕೊಟ್ಟದ್ದು.
ಒಂದನ್ನು ಹೆಂಡದಂಗಡಿಗೆ ಸುರಿದ ಎಂದು
ಸಾಯುವ ತನಕ ತಾತನನ್ನು ಬೈದಳು.
ಹೆಂಡದ ಮೂಸಿ ನೋಡದ ಮನುಷ್ಯ
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ,
ಊದುಗೊಳವೆ ಊದಿದ.

ಬಾಗಿಲಲ್ಲಿ ಚೌರಪ್ಪ, ಅವನ ಹಿಂದೆ ಲೂರ್ದಮ್ಮ,
ಅವಳ ಸೀರೆ ಹಿಡಿದು ಮೂರು ಮಕ್ಕಳು:
"ರಾಣೀದು ಹೌದೇನ್ರೀ?"

ಹೌದು, ಅಂದೆ. ರಾಣೀದೇ. ಕಣ್ಣಾರೆ ನೋಡಿದೆ.

ಬಾಯಿ ಬಿಟ್ಟಿದ್ದ ಚುಕ್ಕಿಯ ಪಕ್ಕ
ನಾಲ್ಕನೆಯದೊಂದು ಇಟ್ಟೆ, ತಿರುಪು ಬಿಗಿದೆ.
ಕೂಲಿ ಎಷ್ಟಾಯ್ತು ಅಂದರು.
ಲೆಕ್ಕ ಬರಲಿಲ್ಲ.

ರಾತ್ರಿ ಊಟ ಮಾಡಿ ಅಜ್ಜಿಯ ಪಟದ ಮುಂದೆ ನಿಂತೆ,
ಸಿಕ್ಕಿತು ಕಣಜ್ಜಿ, ಅನ್ನೋಣ ಅಂತ.
ಅಂದರೆ ಅವಳು ಕೇಳುವುದು ಗ್ಯಾರಂಟಿ:
ಸಿಕ್ಕ ಮೇಲೆ ಕಿತ್ಕೊಂಡು ಬರಕ್ಕೇನಾಗಿತ್ತೋ?