ಹಳದಿ ಏಳು

ಮೂಟೆಯ ಮೇಲೆ ತಮಿಳಲ್ಲಿ ಏನೋ ಬರೆದಿದೆ.
ಬಾಯಿ ಬಿಚ್ಚಿದರೆ ಒಣಮೀನಿನ ನಾತ.
ಕಡಲಪಾಚಿ ಅಂದರು ರುಬೀನಾ ಮೇಡಂ,
ಒಣಗಿಸಿ ಪುಡಿ ಮಾಡಿದ್ದು.
ನಮ್ಮ ಹೆಬ್ಬಾಳದ ಕೆರೆಯಲ್ಲೂ ಪಾಚಿ ಇದೆಯಲ್ಲ ಅಂದೆ.
ನಕ್ಕರು. ಅದನ್ನ ಎಮ್ಮೆಯೂ ಮೂಸದು, ಪಿಳ್ಳಮ್ಮ.

ನೀಲಿ ಓಲೆಯ ಹತ್ತು ಕರುಗಳಿಗೆ
ಬೆಳಗಿನ ಹಾಲಲ್ಲಿ ಒಂದು ಚಮಚ ಪುಡಿ,
ಹಳದಿ ಓಲೆಯ ಹತ್ತಕ್ಕೆ ಬರೀ ಹಾಲು.
ವಾರಕ್ಕೊಮ್ಮೆ ತೂಕ, ಕತ್ತಿನ ನರದಿಂದ ರಕ್ತ,
ಸಗಣಿ ಗಟ್ಟಿಯೋ ನೀರೋ ಅಂತ
ನಾನು ನೋಡಿ ಹೇಳಬೇಕು, ಹುಡುಗರು ಬರೆದುಕೊಳ್ಳಬೇಕು.
ಮೈಯೊಳಗಿನ ಕಾವಲು ಬಲಿಯುತ್ತದೋ ನೋಡೋಣ ಅಂತಾರೆ.
ಫ್ಲೈಓವರ್ ಮೇಲೆ ಏರ್‌ಪೋರ್ಟ್ ಬಸ್ಸು ಗುಡುಗುವಾಗ
ಇಪ್ಪತ್ತು ಮೂತಿ ಒಟ್ಟಿಗೆ ಬಕೆಟ್ಟಿನಿಂದ ಮೇಲೇಳುತ್ತವೆ.

ಹಳದಿ ಏಳು ಹುಟ್ಟಿದ ರಾತ್ರಿ
ಅದರ ತಾಯಿಗೆ ಕೆಚ್ಚಲು ಬಾವು.
ಗಿಣ್ಣು ಸಿಕ್ಕಿದ್ದು ಅರ್ಧ ಸೇರು, ಅದೂ ಹೊತ್ತು ಮೀರಿ.
ಹನ್ನೆರಡನೇ ದಿನ ಬೇಧಿ ಹಿಡಿಯಿತು.
ಕಣ್ಣು ಗುಳಿ ಬಿತ್ತು, ಕಿವಿ ತಣ್ಣಗಾಯಿತು.

ಒಂದು ಚಮಚ ಹಾಕಲಾ ಅಂದೆ.
ಹಾಕಬಾರದು, ಹೋಲಿಸೋಕೆ ಯಾರಾದರೂ ಬೇಕಲ್ಲ.

ಹೋಲಿಸೋದು ನನಗೂ ಗೊತ್ತು.
ಮೊದಲ ಹಾಲು ಹಳದಿ, ವಿಷ, ಅಂತ
ಅತ್ತೆ ನನ್ನ ಎದೆ ಹಿಂಡಿಸಿ
ದೊಡ್ಡವನ ಪಾಲನ್ನು ನುಗ್ಗೆಮರದ ಬುಡಕ್ಕೆ ಚೆಲ್ಲಿಸಿದಳು.
ಚಿಕ್ಕವಳು ಹುಟ್ಟುವಷ್ಟರಲ್ಲಿ ಅತ್ತೆ ಇರಲಿಲ್ಲ;
ಕುಡಿಸಿದೆ.
ಚಿಕ್ಕವಳಿಗೆ ಈಗ ಮೂವತ್ತೊಂದು.
ನುಗ್ಗೆ ಬಹಳ ವರ್ಷ ಕಾಯಿ ಬಿಟ್ಟಿತು.

ಆ ರಾತ್ರಿ ಮೇಡಂ ಮನೆಗೆ ಹೋಗಲಿಲ್ಲ.
ಗೋಣಿಚೀಲ ಹೊದಿಸಿ, ಕತ್ತಿಗೆ ಸಲೈನು ಚುಚ್ಚಿದರು.
ಬಾಟಲಿ ಎತ್ತಿ ಹಿಡಿದು ನಿಂತೆ, ಕೈ ಜೋಮು ಹಿಡಿಯುವ ತನಕ.
ಮೂರು ಗಂಟೆಗೆ ಪುಸ್ತಕ ತೆಗೆದು
ಏಳರ ಮೇಲೆ ಅಡ್ಡಗೀಟು ಎಳೆದರು.
ಹೋಯ್ತಾ? ಅಂದೆ.
ಇಲ್ಲ, ಲೆಕ್ಕದಿಂದ ಬಿಟ್ಟೆ. ಇನ್ನು ಬರೀ ಕರು.

ಬರೀ ಕರು ನಾಲ್ಕನೇ ದಿನ ಎದ್ದು ನಿಂತಿತು.
ಸಲೈನಿಗೋ, ಅದರ ಹಣೆಬರಹಕ್ಕೋ; ಪುಡಿಗಂತೂ ಅಲ್ಲ.
ನೀಲಿಯಲ್ಲೂ ಎರಡಕ್ಕೆ ಬೇಧಿಯಾಯಿತು,
ಬೇಗ ಸುಧಾರಿಸಿಕೊಂಡವು, ಅಷ್ಟೆ.
ಅಷ್ಟೆ ಅನ್ನೋದು ಎಷ್ಟು ಅಂತ
ಮೇಡಂ ಇನ್ನೂ ಕೂಡಿಸುತ್ತಿದ್ದಾರೆ.

ಯಾರ ಲೆಕ್ಕಕ್ಕೂ ಇಲ್ಲದ್ದಕ್ಕೆ ಕೊಡಬಹುದಲ್ಲ?
ಮೂಟೆ ಕೊಡವಿ ಉಳಿದದ್ದನ್ನು ಅಂಗೈಗೆ ಸುರಿದುಕೊಂಡು
ಮೂತಿಗೆ ಹಿಡಿದೆ.
ಮೂಸಿತು, ಸೀನಿತು,
ನನ್ನ ಸೀರೆಗೆಲ್ಲಾ ಯಾವುದೋ ಸಮುದ್ರ.