ಗಾಳಿಗಣ್ಣು

ಶೆಟ್‌ಲೆಂಡಿನ ಹೊರದ್ವೀಪ, ಮಾರ್ಚಿಯ ಒಂದು ಮಂಗಳವಾರ.
ರಾತ್ರಿಯ ಬಿರುಗಾಳಿ ಲೌರಿ ಹಾಲ್‌ಕ್ರೋನ ಅಡುಗೆಮನೆಗೆ
ಗಾಜು ಒಡೆದು ನುಗ್ಗಿ, ಸಕ್ಕರೆ ಡಬ್ಬಿ ಉರುಳಿಸಿ,
ಕ್ಯಾಲೆಂಡರಿನಲ್ಲಿ ಜೂನ್ ತನಕ ಓದಿ ಹೋಗಿತ್ತು.
ನಾನೇಕೆ ಅಲ್ಲಿದ್ದೆ ಎಂಬುದು ಬೇರೆ ಕಥೆ.
ದೋಣಿಯಿಲ್ಲದೆ ಸಿಕ್ಕಿಕೊಂಡವರು ಇಬ್ಬರು:
ನಾನು, ಮತ್ತು ಗಾಜು ಕೂರಿಸುವ ಓಸ್ಲಾ ಇಂಕ್‌ಸ್ಟರ್.

ಹೆಬ್ಬೆರಳಲ್ಲಿ ಪುಟ್ಟಿ ಒತ್ತುತ್ತ ಓಸ್ಲಾ ಹೇಳಿದಳು:
‘ವಿಂಡೋ ಅಂದರೆ ಗಾಳಿಯ ಕಣ್ಣು.
ಉತ್ತರದ ಕಡಲಿನವರು ತಂದಿಳಿಸಿದ ಮಾತು,
ಕುರಿ, ಒಣಮೀನು, ಜಗಳಗಳ ಜೊತೆಗೆ.
ಇಂಗ್ಲಿಷರಿಗೆ ಅವರದೇ ಒಂದಿತ್ತು, ಕಣ್‌ತೂತು ಅಂತ.
ಸೋತುಹೋಯಿತು ಪಾಪ.’

ಗಾಜಿಲ್ಲದ ಕಾಲ.
ಸೂರಿನಲ್ಲೊಂದು ಕಂಡಿ,
ಒಲೆಯ ಹೊಗೆ ಹೊರಗೆ, ಆಕಾಶ ಒಳಗೆ.
ಚಳಿ ಏರಿದರೆ ಕರುವಿನ ಹೊಟ್ಟೆಯ ತೆಳುಪೊರೆ ಬಿಗಿದು
ಮಬ್ಬು ಹಳದಿಯಲ್ಲಿ ಗಂಜಿ ಕುಡಿಯುತ್ತಿದ್ದರು.
ನೋಡಲೆಂದು ಕೊರೆದದ್ದಲ್ಲ ಅದು.
ನೋಡುತ್ತಿದ್ದದ್ದು ಗಾಳಿ,
ಯಾರು ಕೆಮ್ಮಿದರು, ಯಾರು ಯಾರ ಹಾಸಿಗೆಗೆ ಹೊರಳಿದರು.

ನನ್ನ ನುಡಿಯಲ್ಲೂ ಇದೆ ಒಂದು, ಅಂದೆ.
ಗವಾಕ್ಷಿ. ಹಸುವಿನ ಕಣ್ಣು.
ಓಸ್ಲಾ ಕೈ ನಿಲ್ಲಿಸಿ ಹೊರಗೆ ನೋಡಿದಳು.
ಹೊರಗೆ ನಿಜಕ್ಕೂ ಒಂದು ಹಸುವಿತ್ತು,
ಬೇಲಿಗೆ ಬೆನ್ನು ಕೊಟ್ಟು ಮೆಲುಕು ಹಾಕುತ್ತ,
ಎರಡು ಕಪ್ಪು ಕಿಟಕಿ ತೆರೆದಿಟ್ಟುಕೊಂಡು.
‘ಗಾಳಿಗಿಂತ ವಾಸಿ,’ ಅಂದಳು,
‘ರಾತ್ರಿಯೆಲ್ಲ ಬಾಗಿಲು ಬಡಿಯುವುದಿಲ್ಲ.’

ಪಡುಗೋಡೆಯಲ್ಲಿ ಕಲ್ಲು ಮೆತ್ತಿದ ಚೌಕ.
ಕಿಟಕಿಗೆ ತೆರಿಗೆ ಹಾಕಿದ ದೊರೆಗಳಿದ್ದರಂತೆ.
ಬೆಳಕಿಗೆ ಕಂದಾಯವೇ, ಥೂ, ಎಂದು
ಆಗ ಈ ಮನೆಯಲ್ಲಿದ್ದ ವರ್ತಕ ಮುಚ್ಚಿಸಿದ.
ತೆರಿಗೆ ಹೋಯಿತು, ಕಲ್ಲು ಉಳಿಯಿತು.
ಹೆಸರೂ ಉಳಿಯಿತು.
‘ಆ ವಿಂಡೋ ಪಕ್ಕ ಕುರ್ಚಿ ಎಳಕೊಳ್ಳಿ,’ ಎಂದ ಲೌರಿ.
ಗೋಡೆ ನೋಡುತ್ತ ಚಹಾ ಕುಡಿದೆ.

ಮೇಜಿನ ಮೇಲೆ ಬ್ಯಾಂಕಿನ ಲಕೋಟೆ, ಅದಕ್ಕೂ ಒಂದು ವಿಂಡೋ.
ಇಣುಕುತ್ತಿದ್ದದ್ದು ಅವನದೇ ಹೆಸರು,
ಕಟ್ಟಬೇಕಾದ ಮೊತ್ತ ಹಿಂದೆ ಕತ್ತಲಲ್ಲಿ.
ಒಂಬತ್ತರ ಡೇವಿ ಕಂಪ್ಯೂಟರಿನಲ್ಲಿ
ಹನ್ನೊಂದು ವಿಂಡೋ ತೆರೆದು ಕೂತಿದ್ದ,
ಒಂದರಿಂದಲೂ ನೆಗಡಿಯಾಗುವ ಭಯವಿಲ್ಲ.

ರೇಡಿಯೋ ಮಾತ್ರ ಬೆಳಗಿನಿಂದ ಒಂದೇ ಸಮ:
ಇವತ್ತು ವಿಂಡೋ ಇಲ್ಲ.
ಕಡಲು ಇಳಿಯುವ, ದೋಣಿ ದಾಟುವ
ಆ ಎರಡು ತಾಸಿನ ಸಂದಿಗೂ ಅದೇ ಹೆಸರು.
ಅಡುಗೆಮನೆಯ ತುಂಬ ಗಾಳಿ ಓಡಾಡುತ್ತಿದೆ,
ವಿಂಡೋ ಇಲ್ಲ ಅನ್ನುತ್ತಿದೆ ರೇಡಿಯೋ.
ಲೌರಿ ನಗಲಿಲ್ಲ.
ಲರ್ವಿಕ್ ಆಸ್ಪತ್ರೆಯಲ್ಲಿ ಹೆಂಡತಿ ಮೈಮಾ,
ತಿಂಗಳು ತುಂಬದೆ ಹುಟ್ಟಿದ ಮಗಳು,
ಐದು ದಿನವಾದರೂ ಅವನು ಮುಖ ನೋಡಿಲ್ಲ.
ಆರಿದ ಚಹಾ. ಮತ್ತೆ ಕಾಯಿಸಿದ. ಮತ್ತೆ ಆರಿತು.

ಮೂರೂಮುಕ್ಕಾಲಿಗೆ ರೇಡಿಯೋ ದನಿ ಬದಲಿಸಿತು:
ನಾಲ್ಕರಿಂದ ಆರು.
ಒಂದು ಬೂಟಿನ ಲೇಸು ಕಟ್ಟಿದ, ಇನ್ನೊಂದರದು ಮರೆತ.
‘ಪುಟ್ಟಿ ಇನ್ನೂ ಹಸಿ, ವಾರ ಮುಟ್ಟಬೇಡಿ,’
ಎಂದು ನನಗೂ ಹುಡುಗನಿಗೂ ಕೂಗುತ್ತಲೇ
ಓಸ್ಲಾ ಅವನ ಹಿಂದೆ ಓಡಿದಳು, ಚೀಲದಲ್ಲಿ ಗಾಜಿನ ಚೂರು ಗಲಗಲ.

ರಾತ್ರಿ ಒಂಬತ್ತಕ್ಕೆ ಫೋನು.
ಗಾಜಿನ ಪೆಟ್ಟಿಗೆಯಂತೆ. ಪಕ್ಕದಲ್ಲಿ ದುಂಡು ಕಿಂಡಿಯಂತೆ.
ಮೊಣಕೈವರೆಗೆ ಸೋಪು ಹಚ್ಚಿ ತೊಳೆಸಿ
ಒಳಗೆ ಕೈ ಬಿಡಲು ಹೇಳಿದರಂತೆ.
‘ಕಣ್ಣು ಬಿಟ್ಟಳಾ?’ ಡೇವಿ ಕೇಳಿದ.
ಆ ಕಡೆ ತುಸು ಹೊತ್ತು ಮಾತಿಲ್ಲ.
‘ಇನ್ನೂ ಇಲ್ಲ ಕಣೋ.
ನನ್ನ ಮಣಿಕಟ್ಟಿಗೆ ಊದುತ್ತಿದ್ದಾಳೆ, ಒಂದೇ ಒಂದಿಷ್ಟು.’

ಫೋನಿಟ್ಟು ಹುಡುಗ ಹೊಸ ಗಾಜಿನ ಬಳಿ ಹೋದ.
ಹೊರಗೆ ಕತ್ತಲು, ಅದರಲ್ಲಿ ಅವನದೇ ಮುಖ,
ಅದರ ಹಿಂದೆ ಎಲ್ಲೋ ಹಸು.
ಬೇಡ ಎಂದೆ. ಅಷ್ಟರಲ್ಲಿ ಒತ್ತಿಯಾಗಿತ್ತು.
ಪುಟ್ಟಿಯ ಮೇಲೆ ಅವನ ಹೆಬ್ಬೆರಳಿನ ಸುಳಿ
ಈಗಲೂ ಇದೆಯಂತೆ.