ಉಳಿದ ಹತ್ತು ಎಮ್ಮೆಲ್

ನರ್ಸಮ್ಮ ತಕ್ಕಡಿ ತಂದಿದ್ದಳು, ಬಟ್ಟೆಯಲ್ಲಿ ಸುತ್ತಿ.
ಕ್ಲಾಕ್ಸ್‌ವೀಕಿನ ಗಾಳಿ ಅವಳ ಹಿಂದೆಯೇ ಒಳನುಗ್ಗಿ
ಒಣಹಾಕಿದ್ದ ಲಂಗೋಟಿಗಳನ್ನೆಲ್ಲ ಹಾರಿಸಿತು.
ಸುನ್ನಿವಾಳನ್ನು ಬರಿಮೈಯಲ್ಲಿ ಮಲಗಿಸಿ
ಮುಳ್ಳು ನಿಲ್ಲುವ ತನಕ ಇಬ್ಬರೂ ಉಸಿರು ಬಿಡಲಿಲ್ಲ.
ಹುಟ್ಟಿದಾಗಿಗಿಂತ ಇನ್ನೂರೈವತ್ತು ಗ್ರಾಂ ಕಡಿಮೆ,
ಹದಿನಾರನೆಯ ದಿನಕ್ಕೆ.
ಅವಳು ಬೈಯಲಿಲ್ಲ. ಡಬ್ಬಿಯ ಹೆಸರು ಬರೆದುಕೊಟ್ಟಳು.
ಬೈದಿದ್ದರೆ ಚೆನ್ನಾಗಿತ್ತು.

ಎದೆ ಎರಡಿವೆ, ಲೆಕ್ಕಕ್ಕೆ.
ಪಂಪು ಹಚ್ಚಿ ಕೂತರೆ ಅರ್ಧ ಗಂಟೆಗೆ
ಬಾಟಲಿಯ ತಳ ಮುಚ್ಚುವಷ್ಟು.
ಆ ಯಂತ್ರಕ್ಕೂ ಒಂದು ಮಾತಿದೆ:
ರಾತ್ರಿ ಸಾಲದು, ಸಾಲದು, ಸಾಲದು ಅನ್ನುತ್ತದೆ,
ಹಗಲು ಸುಮ್ಮನೆ ಕೆಮ್ಮುತ್ತದೆ.
ಹೆರ್ಗೇರ್ ಬಾರೆಂಟ್ಸ್ ಸಮುದ್ರದಲ್ಲಿ. ಹಡಗಿನ ಫೋನಿನಲ್ಲಿ
'ಕುಡೀತಾಳಾ?' ಎಂದ.
'ಕುಡೀತಾಳೆ' ಎಂದೆ.
ಏನನ್ನು ಎಂದು ಅವನು ಕೇಳಲಿಲ್ಲ.

ಸಂಜೆ ಮಾವ ಹಾನುಸ್ ಬಂದ.
ಬೂಟಿಗೆ ಕುರಿಹಿಕ್ಕೆ, ಸ್ವೆಟರಿಗೆ ಹಸಿ ಉಣ್ಣೆಯ ಜಿಡ್ಡು,
ವರ್ಷಕ್ಕೆ ನಲವತ್ತು ಮಾತಾಡುವ ಮನುಷ್ಯ.
ಕಿಟಕಿಯ ಮೇಲೆ ಬಿಚ್ಚದೆ ಇಟ್ಟ ಡಬ್ಬಿ ನೋಡಿದ, ನನ್ನ ನೋಡಿದ,
ಮೊಣಕೈವರೆಗೆ ಎರಡು ಸಲ ಕೈ ತೊಳೆದ.
ನೀರು ಕುದಿಸಿದ, ಆರಿಸಿದ,
ಚಮಚದ ತಲೆಯನ್ನು ಚಾಕುವಿನಿಂದ ಸವರಿ ಎಣಿಸಿದ.
ಒಂದು ತೊಟ್ಟು ಮಣಿಕಟ್ಟಿಗೆ ಬಿಟ್ಟುಕೊಂಡು ಕಾದ.
ಆ ಚರ್ಮಕ್ಕೆ ಬಿಸಿ ತಿಳಿಯುವುದೇ ಎಂದು ನನಗೆ ಅನುಮಾನ.

'ಕೆಲವು ಕುರಿ ಅವಳಿ ಈದರೆ ಒಂದಕ್ಕೇ ಸೊರೆ ಬಿಡೋದು.
ಇನ್ನೊಂದು ನಮ್ಮ ಒಲೆ ಪಕ್ಕ ಬೆಳೀತಿತ್ತು.
ಬೇಸಿಗೆಗೆ ಗುಡ್ಡ ಹತ್ತಿಸಿದ ಮೇಲೆ ಯಾವುದು ಯಾವುದು
ನನಗೇ ಗೊತ್ತಾಗ್ತಿರಲಿಲ್ಲ.'
ತಡೆದು,
'ಹೆಸರು ಕರೆದರೆ ಮಾತ್ರ ಒಂದು ಓಡಿ ಬರ್ತಿತ್ತು.'
ಆ ವರ್ಷದ ಮಾತೆಲ್ಲ ಅಲ್ಲಿಗೆ ಮುಗಿದಿರಬೇಕು.

ಈಗ ನಾನೇ ಬೆರೆಸುತ್ತೇನೆ.
ಮೊದಲು ನೀರು, ಪುಡಿ, ಕುಲುಕುವುದು. ಮೇಲೆ ನನ್ನದು,
ನೀಲಿಗೆ ತಿರುಗಿದ ತೆಳು ಹಾಲು.
ಒಂದು ಕ್ಷಣ ಬೇರೆ ಬೇರೆ ಕಾಣುತ್ತವೆ,
ಆಮೇಲೆ ಇಲ್ಲ.
ಸುನ್ನಿವಾ ಕಣ್ಣು ಬಿಟ್ಟುಕೊಂಡೇ ಕುಡಿಯುತ್ತಾಳೆ,
ಗುಟುಕಿಗೊಮ್ಮೆ ಮೂಗಿನಲ್ಲಿ ಸಣ್ಣ ಸದ್ದು,
ಮುಷ್ಟಿಯೊಳಗೆ ನನ್ನ ಕಿರುಬೆರಳು.
ಕಡೆಗೆ ಎದೆಗೂ ಬರುತ್ತಾಳೆ,
ಹಸಿವಿಗಲ್ಲ, ನಿದ್ದೆಗೆ.

ನಿನ್ನೆ ಹತ್ತು ಎಮ್ಮೆಲ್ ಉಳಿಸಿದಳು.
ಉಳಿದದ್ದು ಚೆಲ್ಲಬೇಕು, ನರ್ಸಮ್ಮನ ಅಪ್ಪಣೆ.
ಪುಡಿಯದ್ದಾದರೆ ಚೆಲ್ಲಬಲ್ಲೆ.
ನನ್ನದನ್ನು ಹೇಗೆ? ಅದಕ್ಕೆ ಅರ್ಧ ರಾತ್ರಿ ಕೂತಿದ್ದೇನೆ.
ಬಾಟಲಿಯನ್ನು ದೀಪಕ್ಕೆ ಹಿಡಿದೆ, ತಿರುಗಿಸಿದೆ,
ಎಲ್ಲಿ ಗೆರೆ ಎಳೆಯಲಿ?
ಸಿಂಕಿನ ಮುಂದೆ ನಿಂತು ನಾನೇ ಕುಡಿದೆ.
ಸಿಹಿ ಇತ್ತು.
ಹಿಂದೆ ಸ್ವಲ್ಪ ತಗಡಿನ ರುಚಿ.